ಕಾಫಿ ಹಣ್ಣಿನ ಬಣ್ಣ ಅಳೆಯೋಕೆ ಸರಿಯಾದ ದಾರಿ ಯಾವುದು?

ಆಲ್ದೂರಿನ ಬೆಳೆಗಾರ:
ನಮ್ಮದು ಚಿಕ್ಕ ತೋಟ, ಚಂದ್ರಗಿರಿ ಮತ್ತು ಎಸ್ 795 ಎರಡೂ ಕಾಫಿ ತಳಿ ಇದೆ. ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹಾಕುವ ಮುಂಚೆ ಹಸಿರು ಕಾಯಿ, ಅರೆಹಣ್ಣು ಬೇರೆ ಮಾಡಿಸುತ್ತೇವೆ. ಆದರೆ ಸಂಜೆ ಹಳದಿ ಬಲ್ಬಿನ ಕೆಳಗೆ ಅರೆಹಣ್ಣೂ ಕೆಂಪಾಗೇ ಕಾಣುತ್ತದೆ, ಹೀಗಾಗಿ ಆರಿಸುವವರಿಗೂ ತೋಟದ ಲೆಕ್ಕ ನೋಡುವ ರೈಟರಿಗೂ ದಿನಾ ವಾದ. ಯಾರಿಗೂ ಅನ್ಯಾಯ ಆಗದ ಹಾಗೆ ಒಂದು ನಂಬರ್ ಬೇಕು. ಮೊಬೈಲ್ ಫೋಟೋ ತೆಗೆದು ಕೆಂಪಿನ ಅಂಕಿ ನೋಡಿದರೆ ಒಂದೇ ಹಣ್ಣಿಗೆ ಪ್ರತಿ ಸಲ ಬೇರೆ ಬೇರೆ ಬರುತ್ತಿದೆ. ಬಣ್ಣ ಅಳೆಯುವ ಕಲರಿಮೀಟರ್ ತಗೊಳ್ಳಲೇಬೇಕಾ?

ಹಾಸನದ ಲ್ಯಾಬ್ ಹುಡುಗ:
ಸರ್, ಮೀಟರ್ ಆಮೇಲೆ, ಮೊದಲು ಬೆಳಕು ಸರಿ ಮಾಡಿ. ಫೋನು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ), ಎಕ್ಸ್‌ಪೋಷರ್ (ಎಷ್ಟು ಬೆಳಕು ತಗೊಳ್ಳಬೇಕು ಅನ್ನೋದು) ಎರಡನ್ನೂ ತಾನೇ ಬದಲಾಯಿಸುತ್ತಿರುತ್ತದೆ. ಎರಡನ್ನೂ ಲಾಕ್ ಮಾಡಿ. ಹೊರಗಿನ ಬೆಳಕು ಬಾರದ ರಟ್ಟಿನ ಡಬ್ಬ, ಒಳಗೆ ಬಿಳಿ ಕಾಗದ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋ ಅಂಕಿ) 90ಕ್ಕಿಂತ ಜಾಸ್ತಿ ಇರುವ ಎಲ್‌ಇಡಿ ಇದ್ದರೆ ಸಾಕು. ಪ್ರತಿ ಫೋಟೋದಲ್ಲೂ ಹಣ್ಣಿನ ಪಕ್ಕ ಒಂದು ಬೂದು ಕಾರ್ಡ್ ಇಡಿ, ಅದರ ಅಂಕಿ ಬದಲಾದರೆ ಬೆಳಕೋ ಕ್ಯಾಮೆರಾವೋ ಬದಲಾಗಿದೆ ಅಂತಲೇ ಅರ್ಥ.

ಬರೀ ಕೆಂಪಿನ ಅಂಕಿ ನಂಬಬೇಡಿ. ಬೆಳಕು ಹೆಚ್ಚಾದರೆ ಅದೂ ಹೆಚ್ಚುತ್ತದೆ. ಬೆಳಕು, ಬಣ್ಣದ ಅಂತರರಾಷ್ಟ್ರೀಯ ಸಂಸ್ಥೆ ಸಿಐಇ 1976ರಲ್ಲಿ ಕೊಟ್ಟ 'ಎಲ್-ಎ-ಬಿ' (ಲ್ಯಾಬ್) ಅನ್ನೋ ಬಣ್ಣದ ಪದ್ಧತಿಗೆ ಬದಲಾಯಿಸಿಕೊಳ್ಳಿ. ಅದರಲ್ಲಿ 'ಎಲ್' ಅಂದರೆ ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು; 'ಎ' ಮೈನಸ್ ಆದರೆ ಹಸಿರು, ಪ್ಲಸ್ ಆದರೆ ಕೆಂಪು; 'ಬಿ' ಪ್ಲಸ್ ಆದರೆ ಹಳದಿ. ಎ, ಬಿ ಎರಡರಿಂದ ಸಿಗುವ ಹ್ಯೂ ಕೋನ (0ಯಿಂದ 360 ಡಿಗ್ರಿಯ ಬಣ್ಣದ ಚಕ್ರದಲ್ಲಿ ಆ ಬಣ್ಣ ಇರುವ ಜಾಗ) ಹಸಿರು ಕಾಯಿಗೆ 90 ಡಿಗ್ರಿ ದಾಟಿರುತ್ತದೆ, ಹಣ್ಣಾದಂತೆ ಇಳಿಯುತ್ತದೆ. ತುಂಬಾ ಹಣ್ಣಾಗಿ ಕಪ್ಪಾದದ್ದನ್ನು ಹಿಡಿಯೋಕೆ 'ಎಲ್' ನೋಡಿ. ಕೋನಗಳ ಸರಾಸರಿ ಮಾತ್ರ ತೆಗೆಯಬೇಡಿ: 5 ಮತ್ತು 355 ಎರಡೂ ಕೆಂಪಿನ ಹತ್ತಿರ, ಸರಾಸರಿ 180 ಬಂದರೆ ಅದು ಹಸಿರಿನ ಕಡೆ! ಮೊದಲು ಎ, ಬಿ ಸರಾಸರಿ ತೆಗೆದು ಆಮೇಲೆ ಕೋನ.

ಮೂಡಿಗೆರೆ ಕಾಫಿ:
ಮೀಟರ್ ಬಗ್ಗೆ ಹೇಳುತ್ತೇನೆ. ಸಾಮಾನ್ಯವಾಗಿ ಸಿಗುವುದರಲ್ಲಿ ಬಣ್ಣ ಅಳೆಯುವ ಕಿಂಡಿ 8 ಮಿಲಿಮೀಟರ್. ಮಾವು, ಟೊಮೆಟೊಗೆ ಚೆನ್ನಾಗಿದೆ. ಕಾಫಿ ಹಣ್ಣು ಸಣ್ಣದು, ಗುಂಡಗಿದೆ, ಪಕ್ಕದಿಂದ ಬೆಳಕು ಸೋರಿ ಅಂಕಿ ಕೆಡುತ್ತದೆ. ನಿಮಗೆ ಡಬ್ಬ, ಕ್ಯಾಮೆರಾನೇ ವಾಸಿ.

ಯಾವ ಅಂಕಿಯಿಂದ ಹಣ್ಣು, ಯಾವುದರವರೆಗೆ ಅರೆಹಣ್ಣು ಅನ್ನೋ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನ ನಿಮ್ಮ ತೋಟದ ಹಣ್ಣೇ ಹೇಳಬೇಕು. ಫೋಟೋ ತೆಗೆದ ಹಣ್ಣನ್ನೇ ಬೆರಳಲ್ಲಿ ಒತ್ತಿ ನೋಡಿ, ಬೀಜ ಸಲೀಸಾಗಿ ಹೊರಗೆ ಬಂತಾ ಬರೆದುಕೊಳ್ಳಿ, ರಸದ ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ) ಕೂಡ ನೋಡಿದರೆ ಇನ್ನೂ ಒಳ್ಳೆಯದು. ಚಂದ್ರಗಿರಿಗೆ ಬೇರೆ, 795ಕ್ಕೆ ಬೇರೆ ಗೆರೆ ಇಡಿ, ಸುಮ್ನೆ ಒಂದೇ ನಂಬರ್ ಎರಡಕ್ಕೂ ಹಾಕಬೇಡಿ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಇರುತ್ತಲ್ವಾ, ತಿರುಗಿಸಿ ಎರಡೂ ಕಡೆ ಫೋಟೋ ತೆಗೆಯಿರಿ.

ಆಲ್ದೂರಿನ ಬೆಳೆಗಾರ:
ತುಂಬಾ ಉಪಕಾರ ಆಯ್ತು. ತೊಟ್ಟಿಯಲ್ಲಿ ತೇಲಿಸಿ ತೆಗೆದ ಒದ್ದೆ ಹಣ್ಣಿಗೂ ಇದು ನಡೆಯುತ್ತಾ?

ಹಾಸನದ ಲ್ಯಾಬ್ ಹುಡುಗ:
ತೇಲಿಸುವ ಮುಂಚೆಯೇ ಅಳೆಯಿರಿ ಸರ್. ಒದ್ದೆ ಇದ್ದರೆ ದೀಪ ಹೊಳೆದು ಬಿಳಿ ಚುಕ್ಕೆ ಬರುತ್ತದೆ, ಬಣ್ಣವೂ ಗಾಢವಾಗಿ ಕಾಣುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಬಟ್ಟೆಯಲ್ಲಿ ಒರೆಸಿ, ಹೊಳೆಯುವ ಜಾಗ ಬಿಟ್ಟು ಲೆಕ್ಕ ಹಾಕಿ.