ತಿಂದದ್ದು ಮೈಗೆ ಹತ್ತುತ್ತಿಲ್ಲ, ತೂಕ ಹೆಚ್ಚಿಸಿಕೊಂಡವರು ಅನುಭವ ಹೇಳಿ

ಮಾನ್ವಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಮಾನ್ವಿಯವಳು. ಈಗ ರಾಯಚೂರಿನಲ್ಲಿ ಪೀಜಿಯಲ್ಲಿದ್ದು ಪೊಲೀಸ್ ಕಾನ್‌ಸ್ಟೇಬಲ್ ಕೋಚಿಂಗ್‌ಗೆ ಹೋಗುತ್ತಿದ್ದೇನೆ. ಎತ್ತರ 160 ಸೆಂ.ಮೀ., ತೂಕ 42 ಕೆ.ಜಿ. ಹೆಣ್ಣುಮಕ್ಕಳಿಗೆ ಎತ್ತರ 157, ತೂಕ 45 ಇರಲೇಬೇಕು. ಎತ್ತರದ ಚಿಂತೆ ಇಲ್ಲ, ತೂಕದ್ದೇ ಚಿಂತೆ. ಸಣ್ಣವಳಿದ್ದಾಗಿನಿಂದ ಹೀಗೇ ಕಡ್ಡಿ, ಅಪ್ಪನೂ ಹೀಗೇ. ಊಟ ಖಾನಾವಳಿಯಲ್ಲಿ. ಬೆಳಿಗ್ಗೆ ಓಟದ ಅಭ್ಯಾಸ. ಎಲ್ಲ ಖರ್ಚು ಕಳೆದು ತಿಂಗಳಿಗೆ 1,500 ರೂಪಾಯಿ ಉಳಿಯುತ್ತದೆ. ಮೊಟ್ಟೆ ತಿನ್ನುತ್ತೇನೆ. ಪೀಜಿಯಲ್ಲಿ ಅಡುಗೆ ಮಾಡಲು ಬಿಡುವುದಿಲ್ಲ, ನೀರು ಕಾಯಿಸುವ ಕೆಟಲ್ ಒಂದೇ ಇದೆ. ನಿಮಗೆ ಯಾವುದು ಮೈಗೆ ಹತ್ತಿತು ಹೇಳಿ.

ಬಳ್ಳಾರಿ ಜೀನ್ಸ್:
51 ಇದ್ದವನು 66 ಮುಟ್ಟಿದ್ದೇನೆ. ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ ನನ್ನದು. ಊರಿಗೆಲ್ಲ ಪ್ಯಾಂಟ್ ಹೊಲಿಯುತ್ತಿದ್ದೆ, ನನಗೆ ಮಾತ್ರ 28ರ ಸೊಂಟದ್ದೂ ಜಾರುತ್ತಿತ್ತು. ಮೊದಲು ತಂದದ್ದು ಮಾಸ್ ಗೇನರ್, ಅಂದರೆ ತೂಕ ಏರಿಸುವ ಪುಡಿ, 3 ಕೆ.ಜಿ. ಡಬ್ಬಿಗೆ 2,650. ಅದರ ಬೆನ್ನಿಗೆ ಬರೆದದ್ದನ್ನು ಓದಿ ನೋಡಿ. ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್ಟ್ರಿನ್, ಪಿಷ್ಟದಿಂದ ತೆಗೆದ ಪುಡಿ. ಹೊಟ್ಟೆ ಉಬ್ಬರಿಸಿ ಮಷಿನ್ ಮುಂದೆ ಕೂರಲು ಆಗುತ್ತಿರಲಿಲ್ಲ. ಆಮೇಲೆ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಹಿಡಿದೆ, ಕೆ.ಜಿ.ಗೆ 2,900. ಜಿಮ್ ತಿಂಗಳಿಗೆ 800, ಸೇರುವಾಗ 500 ಬೇರೆ. ಭಾರ ಎತ್ತಲು ಕಸುವು ಕೊಡುವ ಕ್ರಿಯೇಟಿನ್ ಪುಡಿ ಡಬ್ಬಿಗೆ 700, ದಿನಕ್ಕೆ 3ರಿಂದ 5 ಗ್ರಾಂ ಸಾಕು. ಮೊಟ್ಟೆ ದಿನಕ್ಕೆ ಆರು. ಮೊಟ್ಟೆ 7 ರೂಪಾಯಿ ಆದ ತಿಂಗಳು ಬರೀ ಮೊಟ್ಟೆಗೇ 1,260 ಹೋಯಿತು, ಎಲ್ಲ ಲೆಕ್ಕ ಬರೆದಿಟ್ಟಿದ್ದೇನೆ. ನಡುವೆ ಭುಜ ಹಿಡಿದುಕೊಂಡು ಫಿಸಿಯೋಥೆರಪಿಗೆ ಒಂದು ಸಲಕ್ಕೆ 300ರಂತೆ ಸುರಿದೆ. ಆಗ 3 ಕೆ.ಜಿ. ಇಳಿಯಿತು, ಕಣ್ಣಲ್ಲಿ ನೀರು ಬಂತು. ಆದರೂ ಒಂದು ರೂಪಾಯಿಯೂ ದಂಡ ಅನ್ನಿಸಿಲ್ಲ. ಸುಮ್ನೆ ತಿಂದರೆ ಹೊಟ್ಟೆ ಬರುತ್ತದೆ. ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿದರೆ ತೊಡೆ, ಬೆನ್ನು ತುಂಬುತ್ತದೆ. ಓಟ ಬಿಡಿ, ಭಾರ ಎತ್ತಿ.

ಕುಷ್ಟಗಿ ಮೇಷ್ಟ್ರು:
ಪೊಲೀಸ್ ಆಗುವ ಹುಡುಗಿಗೆ ಓಟ ಬಿಡು ಅನ್ನುತ್ತೀರಲ್ಲ ತಮ್ಮಾ! ಡಬ್ಬಿಯೂ ಬೇಡ, ಮೊಟ್ಟೆಯೂ ಬೇಡ. ನಾನು 47 ಇದ್ದೆ, 58 ಆದೆ. ನಮ್ಮ ಶೇಂಗಾ ಇದೆಯಲ್ಲ, 100 ಗ್ರಾಂಗೆ ಸುಮಾರು 560 ಕ್ಯಾಲೊರಿ, 25 ಗ್ರಾಂ ಪ್ರೋಟೀನ್. ಯಾವ ಡಬ್ಬಿಯಲ್ಲಿ ಈ ರೇಟಿಗೆ ಇಷ್ಟು ಸಿಗುತ್ತದೆ? ನನ್ನ ಪದ್ಧತಿ ಹೇಳುತ್ತೇನೆ. ಬೆಳಿಗ್ಗೆ ಬಿಸಿ ಜೋಳದ ರೊಟ್ಟಿ, ಮೇಲೆ ಬೆಣ್ಣೆ, ಬದಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು. ಹಿಂಡಿಯನ್ನು ಮೊಸರಲ್ಲಿ ಕಲಸಿದರೆ ಒಂದು ರೊಟ್ಟಿ ತಿನ್ನುವವರು ಎರಡು ತಿನ್ನುತ್ತಾರೆ. ಚಳಿಗಾಲದಲ್ಲಿ ಅಂಟಿನುಂಡೆ. ಅಂಟನ್ನು ತುಪ್ಪದಲ್ಲಿ ಹಾಕಿದರೆ ಅರಳು ಹಾಗೆ ಬಿರಿಯಬೇಕು. ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಮೆತ್ತುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲದ ಪಾಕ. ತುಪ್ಪ ಕೆ.ಜಿ.ಗೆ 700 ಕೊಟ್ಟೆ, ಉತ್ತತ್ತಿ 320, ಒಣಕೊಬ್ಬರಿ ಬೆಲೆ ಕೇಳಿಯೇ ಅರ್ಧ ಕೆ.ಜಿ.ಗೆ ನಿಲ್ಲಿಸಿದೆ. ಬೇಸಿಗೆ ಬಂತೆಂದರೆ ಎಲ್ಲ ನೀರಲ್ಲಿ ಹೋಮ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಹಸಿವೇ ಸಾಯುತ್ತದೆ. 2 ಕೆ.ಜಿ. ಇಳಿದು ಮತ್ತೆ ಮೊದಲಿಂದ ಶುರು. ಆದರೂ ಬಿಡಲಿಲ್ಲ.

ಬಳ್ಳಾರಿ ಜೀನ್ಸ್:
ಮೇಷ್ಟ್ರೇ, ನಿಮಗೆ ಮೊಟ್ಟೆ ಬೇಡದಿದ್ದರೆ ಬಿಡಿ, ಆ ಹುಡುಗಿ ತಿನ್ನುತ್ತೇನೆ ಅಂತ ಬರೆದಿದ್ದಾಳೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಪೀಜಿಯಲ್ಲಿ ಅಂಟಿನುಂಡೆ ಯಾರು ಕಟ್ಟಿಕೊಡುತ್ತಾರೆ?

ಗಂಗಾವತಿ ಅಕ್ಕ:
ದಯವಿಟ್ಟು ಜಗಳ ನಿಲ್ಲಿಸಿ, ನನ್ನ ಕಥೆ ಕೇಳಿ. ಮದುವೆಯಾಗಿ ಬಂದಾಗ 40 ಇದ್ದೆ. ಬಂದವರೆಲ್ಲ ‘ಗಂಡನ ಮನೆಯಲ್ಲಿ ಊಟ ಹಾಕುವುದಿಲ್ಲವಾ’ ಅಂತ ಕೇಳುತ್ತಿದ್ದರು. ಅತ್ತೆಗೆ ಅದೇ ಸಂಕಟ. ಯಾರೋ ಪರಿಚಯದವರು ‘ದಪ್ಪ ಆಗುವ ಗುಳಿಗೆ’ ಅಂತ ಹೆಸರಿಲ್ಲದ ಪೊಟ್ಟಣ ತಂದುಕೊಟ್ಟರು, 900 ರೂಪಾಯಿ. ವಾರದೊಳಗೆ ಹಸಿವೋ ಹಸಿವು. ಹಗಲೂ ನಿದ್ದೆ. ತೂಕ ಏರಿತು, ಎಲ್ಲರೂ ಖುಷಿ. ಆಮೇಲೆ ಮುಖ ಉಬ್ಬಿದ ಪೂರಿಯಂತೆ ಆಯಿತು, ಕೈಕಾಲು ಮಾತ್ರ ಸಣ್ಣಗೇ ಉಳಿಯಿತು. ಕುತ್ತಿಗೆ ಹಿಂದೆ ಗಂಟು ಕಟ್ಟಿದ ಹಾಗೆ ಕೊಬ್ಬು. ಹೆದರಿ ಒಮ್ಮೆಲೇ ಬಿಟ್ಟೆ. ವಾಂತಿ, ತಲೆಸುತ್ತು, ಎದ್ದು ನಿಲ್ಲಲೂ ಆಗಲಿಲ್ಲ. ಡಾಕ್ಟರು ಗುಳಿಗೆ ನೋಡಿ, ಇದು ಡೆಕ್ಸಾಮೆಥಸೋನ್ ಇರಬೇಕು, ಸ್ಟೀರಾಯ್ಡ್, ಜೊತೆಗೆ ಹಸಿವು ಬರಿಸುವ ಸೈಪ್ರೋಹೆಪ್ಟಡಿನ್ ಇರಬಹುದು ಅಂದರು. ಸ್ಟೀರಾಯ್ಡ್ ಹೊರಗಿಂದ ಬಂದರೆ ಮೈ ತಾನಾಗಿ ಮಾಡಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತದಂತೆ. ಅದಕ್ಕೇ ದಿಢೀರ್ ಬಿಡಬಾರದು, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಶುಗರ್ ಏರಿತ್ತು. ಆಸ್ಪತ್ರೆ ಖರ್ಚು 18,000, ಜೊತೆಗೆ ಓಡಾಟ. 900ರ ಗುಳಿಗೆಗೆ ಇಷ್ಟು. ಏರಿದ ತೂಕವೂ ಬಹುಪಾಲು ನೀರು, ಇಳಿದೇ ಹೋಯಿತು. ಈ ಮೆಡಿಕಲ್ ಅಂಗಡಿಗಳನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಸಿರುಗುಪ್ಪ ಔಷಧ ಅಂಗಡಿ:
ಅಕ್ಕಾ, ನಿಮಗೆ ಆದದ್ದಕ್ಕೆ ನಿಜವಾಗಲೂ ನೋವಾಗುತ್ತದೆ. ಆದರೆ ಪೊಟ್ಟಣ ತಂದುಕೊಟ್ಟವರು ಪರಿಚಯದವರು ಅಂತ ನೀವೇ ಬರೆದಿದ್ದೀರಿ. ಮೆಡಿಕಲ್ ಅಂಗಡಿಯವರು ಏನು ಮಾಡಿದರು? ಸ್ಟೀರಾಯ್ಡ್ ಗುಳಿಗೆಯನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಕಾಯ್ದೆ ಇದೆ. ನಾನು ಚೀಟಿ ಕೇಳಿದರೆ ಗಿರಾಕಿ ನನಗೇ ಬೈದು ಮುಂದಿನ ಅಂಗಡಿಗೆ ಹೋಗುತ್ತಾನೆ. ದಿನಾ ಇದೇ ಗೋಳು. ಕಾಯ್ದೆ ಪಾಲಿಸುವವನಿಗೆ ಗಿರಾಕಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ಗಂಗಾವತಿ ಅಕ್ಕ:
ಪರಿಚಯದವರಿಗೆ ಅದು ಎಲ್ಲಿಂದ ಬಂತು ಅಣ್ಣಾ? ಆಕಾಶದಿಂದ ಉದುರಿತಾ? ನೀವು ಒಳ್ಳೆಯವರಿರಬಹುದು. ಎಲ್ಲರ ಪರವಾಗಿ ಮಾತಾಡಬೇಡಿ.

ಲಿಂಗಸೂಗೂರು:
‘ನಮ್ಮ ವಂಶವೇ ಸಣ್ಣ’ ಅಂತ ನಾನೂ ಹೇಳಿಕೊಂಡು ತಿರುಗುತ್ತಿದ್ದೆ. 56 ಇದ್ದವನು 48ಕ್ಕೆ ಬಂದೆ. ಕೆಮ್ಮು ಅಂಥದ್ದೇನೂ ಇರಲಿಲ್ಲ. ಸಂಜೆ ಮೈ ಬೆಚ್ಚಗೆ, ರಾತ್ರಿ ಬೆವರು. ಮನೆಯಲ್ಲಿ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಟಾನಿಕ್ ಬಾಟಲಿಗೆ 380ರಂತೆ ಮುಗಿಸಿದ್ದೇ ಮುಗಿಸಿದ್ದು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು, ಟಿ.ಬಿ. ಅಂತ ಗೊತ್ತಾಯಿತು. ಪರೀಕ್ಷೆಯೂ ಪುಕ್ಕಟೆ, ಆರು ತಿಂಗಳ ಔಷಧವೂ ಪುಕ್ಕಟೆ. ಮೂತ್ರ ಕೆಂಪಗೆ ಬಂದಾಗ ಗಾಬರಿಯಾಯಿತು, ಅದು ಮಾತ್ರೆಯ ಬಣ್ಣ ಅಂದರು. ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ಖಾತೆಗೆ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ನನ್ನದು 500ರ ಕಾಲ. ಅದೂ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿಲ್ಲ ಅಂತ ತಡವಾಗಿ ಬಂತು. ಕೆಲಸದ ಕಡೆ ತಟ್ಟೆ, ಲೋಟ ಬೇರೆ ಇಟ್ಟರಲ್ಲ, ಅದನ್ನು ಮರೆಯಲು ಆಗುವುದಿಲ್ಲ. ಈಗ 60 ಇದ್ದೇನೆ. ಹುಟ್ಟಿನಿಂದ ಸಣ್ಣ ಇರುವುದು ಬೇರೆ, ಇದ್ದ ತೂಕ ಕರಗುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಟಾನಿಕ್ ಕುಡಿಯುತ್ತಾ ಕೂರಬೇಡಿ.

ಶಕ್ತಿನಗರ ತಾಯಿ:
ನನ್ನ ಮಗನದ್ದು ಥೈರಾಯ್ಡ್. ಎಲ್ಲರಿಗೂ ಥೈರಾಯ್ಡ್ ಅಂದರೆ ದಪ್ಪ ಆಗುವುದೇ ಗೊತ್ತು, ಇವನದು ಉಲ್ಟಾ. ತಿಂದದ್ದೇ ತಿಂದದ್ದು, ಇಳಿದದ್ದೇ ಇಳಿದದ್ದು. ಎದೆ ಡವಡವ, ಕೈ ನಡುಕ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಟಿ3, ಟಿ4 ಜಾಸ್ತಿ, ಅದನ್ನು ಹತೋಟಿಯಲ್ಲಿಡುವ ಟಿ.ಎಸ್.ಎಚ್. ತೀರಾ ಕಡಿಮೆ. ಪ್ರತಿ ಸಲ ರಕ್ತ ಪರೀಕ್ಷೆಗೆ 550. ಮಾತ್ರೆ ಶುರುವಾದ ಮೇಲೆ ಮೈ ತುಂಬಿತು. ಮೊದಲು ಪರೀಕ್ಷೆ, ಆಮೇಲೆ ಶೇಂಗಾ.

ಖಾಕಿ ಅಕ್ಕ, ಕೊಪ್ಪಳ:
ತಂಗೀ, ನಾನು ಇದೇ ಪರೀಕ್ಷೆ ಪಾಸಾಗಿ ಡ್ಯೂಟಿ ಮಾಡುತ್ತಿರುವವಳು. ಇವರ ಮಾತು ಕೇಳಿ ತಲೆ ಕೆಡಿಸಿಕೊಳ್ಳಬೇಡ. ನಾನು 43ರ ಮೇಲೆ ಏರಲೇ ಇಲ್ಲ. ಅಳತೆಯ ದಿನ ಬೆಳಿಗ್ಗೆ ಒಂದು ಡಜನ್ ಬಾಳೆಹಣ್ಣು, ಮೇಲೆ ನೀರು, ಮತ್ತೆ ನೀರು. ಹೊಟ್ಟೆ ಕಲ್ಲಾಗಿತ್ತು. ಮಷಿನ್ ಮೇಲೆ 45 ದಾಟಿತು. ನನ್ನ ಜೊತೆಯ ಹುಡುಗಿ ನಾಚಿಕೊಂಡು ಕುಡಿಯಲಿಲ್ಲ, 44.6ಕ್ಕೆ ವಾಪಸ್ ಹೋದಳು. ಇವತ್ತಿಗೂ ಅವಳು ಕೂಲಿಗೆ ಹೋಗುತ್ತಾಳೆ.

ಸಿಂಧನೂರು ನರ್ಸ್:
ಇದನ್ನು ಮಾತ್ರ ಒಪ್ಪುವುದಿಲ್ಲ ಮೇಡಂ. ಕಡಿಮೆ ಹೊತ್ತಿನಲ್ಲಿ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಹೆಚ್ಚಾದರೆ ಫಿಟ್ಸ್. ಅದೇ ಹೊಟ್ಟೆಯಲ್ಲಿ ಓಡಬೇಕಾಗಿ ಬಂದರೆ?

ಮಾನ್ವಿಯವರೇ, ನಿಮ್ಮ ಎತ್ತರಕ್ಕೆ 42 ಅಂದರೆ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಲೆಕ್ಕ) 16.4. ಆರೋಗ್ಯದ ಕೆಳಗಿನ ಗೆರೆ 18.5. ಅಂದರೆ 47, 48 ಇರಬೇಕು. ಹಿಮೋಗ್ಲೋಬಿನ್, ಶುಗರ್, ಟಿ.ಎಸ್.ಎಚ್. ಒಮ್ಮೆ ನೋಡಿಸಿ. ಮುಟ್ಟು ತಪ್ಪುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಜಂತುಹುಳದ ಮಾತ್ರೆ ಬೇಕಾ ಅಂತಲೂ ಕೇಳಿ. ದಿನಕ್ಕೆ ಈಗ ತಿನ್ನುವುದಕ್ಕಿಂತ 300ರಿಂದ 500 ಕ್ಯಾಲೊರಿ ಜಾಸ್ತಿ ಹೋದರೆ ವಾರಕ್ಕೆ ಕಾಲಿನಿಂದ ಅರ್ಧ ಕೆ.ಜಿ. ಏರಬಹುದು. ಒಂದು ಮುಷ್ಟಿ ಹುರಿದ ಶೇಂಗಾ, ಎರಡು ಬಾಳೆಹಣ್ಣು, ಒಂದು ಲೋಟ ಗಟ್ಟಿ ಹಾಲು, ಇಷ್ಟರಲ್ಲೇ ಆ ಲೆಕ್ಕ ಮುಟ್ಟುತ್ತದೆ. ಮೊಟ್ಟೆಯನ್ನು ಕೆಟಲ್‌ನಲ್ಲೇ ಬೇಯಿಸಬಹುದು. 1,500ರೊಳಗೇ ಆಗುತ್ತದೆ. ಓಟ ಬಿಡಬೇಡಿ, ಓಡಿ ಬಂದ ಕೂಡಲೇ ತಿನ್ನಿ. ಊಟಕ್ಕೆ ಮುಂಚೆ ಚಹಾ ಕುಡಿದು ಹಸಿವು ಕೊಲ್ಲಬೇಡಿ.

ಖಾಕಿ ಅಕ್ಕ, ಕೊಪ್ಪಳ:
ನರ್ಸಮ್ಮನವರೇ, ಪುಸ್ತಕದ ಮಾತು ಸರಿ. ನಾನು ಒಂದು ಹೊತ್ತಿನ ಊಟ ಬಿಟ್ಟು ಕೋಚಿಂಗ್ ಫೀ ಕಟ್ಟಿದವಳು. ಮುಷ್ಟಿ ಶೇಂಗಾ, ಗಟ್ಟಿ ಹಾಲು ಎಲ್ಲಿಂದ ತರಲಿ? ನೀರು ಪುಕ್ಕಟೆ ಸಿಕ್ಕಿತು, ಕುಡಿದೆ. ನೌಕರಿ ಬಂತು. ನನ್ನ ತಮ್ಮ ಇವತ್ತು ಡಿಗ್ರಿ ಓದುತ್ತಿರುವುದು ಆ ನೌಕರಿಯಿಂದಲೇ.

ಮಾನ್ವಿ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಖಾನಾವಳಿಯಲ್ಲಿ ಎರಡು ರೊಟ್ಟಿ ಆದ ಮೇಲೆ ಹೊಟ್ಟೆ ತುಂಬಿಬಿಡುತ್ತದೆ. ಅನ್ನ ಜಾಸ್ತಿ ಹಾಕಿಸಿಕೊಳ್ಳಬಹುದಾ?

ಕುಷ್ಟಗಿ ಮೇಷ್ಟ್ರು:
ಅನ್ನ ಬರೀ ನೀರು ತಾಯಿ. ರೊಟ್ಟಿಯಲ್ಲಿರುವ ಕಸುವು ಅನ್ನದಲ್ಲಿಲ್ಲ. ಕಾಲುವೆ ಬಂದ ಊರುಗಳ ಜನ ಅನ್ನಕ್ಕೆ ಬಿದ್ದು ಹೀಗೆ ಸೊರಗಿದರು.

ಕಾರಟಗಿ ಭತ್ತ:
ಏನ್ರೀ ಮೇಷ್ಟ್ರೇ, ಕಾಲುವೆ ಬಗ್ಗೆ ಹಗುರವಾಗಿ ಮಾತಾಡಬೇಡಿ. ತುಂಗಭದ್ರೆಯ ನೀರು ಬರುವ ಮುಂಚೆ ನಮ್ಮ ಅಜ್ಜಂದಿರು ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಗುಳೆ ಹೋಗುತ್ತಿದ್ದರು. ಸೊರಗಿದ್ದು ಆಗ, ಈಗಲ್ಲ. 100 ಗ್ರಾಂ ಅಕ್ಕಿಗೂ 100 ಗ್ರಾಂ ಜೋಳದ ಹಿಟ್ಟಿಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಎರಡೂ 350ರ ಆಸುಪಾಸು. ಜೋಳದಲ್ಲಿ ನಾರು ಜಾಸ್ತಿ, ಅದಕ್ಕೇ ಬೇಗ ಹೊಟ್ಟೆ ತುಂಬುತ್ತದೆ. ಶುಗರ್ ಇದ್ದವರಿಗೆ ಅದು ಒಳ್ಳೆಯದು, ತೂಕ ಏರಬೇಕಾದ ಹುಡುಗಿಗೆ ಅದೇ ಅಡ್ಡ. ನಾನು ಸೋನಾ ಮಸೂರಿ ಅನ್ನ, ತೊವ್ವೆ, ತುಪ್ಪ ಉಂಡೇ 52ರಿಂದ 63 ಆದವನು. ಒಂದು ಚಮಚ ತುಪ್ಪ ಹಾಕಿದರೆ ಅನ್ನ ಗಂಟಲಲ್ಲಿ ತಾನೇ ಇಳಿಯುತ್ತದೆ.

ಬಳ್ಳಾರಿ ಜೀನ್ಸ್:
ಭತ್ತದ ಅಣ್ಣ ಹೇಳಿದ್ದೇ ಸರಿ. ನಮ್ಮ ಜಿಮ್‌ನಲ್ಲಿ ತೂಕ ಏರಿಸುವವರೆಲ್ಲ ಅನ್ನವೇ ಉಣ್ಣುತ್ತಾರೆ.

ಕುಷ್ಟಗಿ ಮೇಷ್ಟ್ರು:
ಜಿಮ್‌ನವರ ಸಾಕ್ಷಿ ನನಗೆ ಬೇಕಿಲ್ಲ. ನಾನು ಗುಳೆಯ ಕಷ್ಟ ಕಾಣದವನಲ್ಲ, ನಮ್ಮ ಕಡೆ ಕಾಲುವೆ ನೀರು ಬಂದೇ ಇಲ್ಲ. ಮಳೆ ನಂಬಿ ಜೋಳ, ಸಜ್ಜೆ, ಶೇಂಗಾ ಬಿತ್ತಿದ ಜನ ನಾವು. ಅದನ್ನೇ ತಿಂದು ಬದುಕಿದ್ದೇವೆ. ನೀರು ಸಿಕ್ಕವರು ಸಿಗದವರ ಊಟವನ್ನು ಅಡ್ಡ ಅನ್ನಬೇಡಿ.

ಕಾರಟಗಿ ಭತ್ತ:
ಅನ್ನ ಬರೀ ನೀರು ಅಂತ ಮೊದಲು ಶುರು ಮಾಡಿದವರು ನೀವು. ನಾಟಿ ಹಚ್ಚಿ ಸೊಂಟ ಬಿದ್ದುಹೋಗಿರುತ್ತದೆ, ಆ ಮಾತು ಕೇಳಿ ಸುಮ್ಮನಿರಲು ಆಗುವುದಿಲ್ಲ.

ಸಿಂಧನೂರು ನರ್ಸ್:
ಮಾನ್ವಿಯವರೇ, ಅನ್ನ ಹಾಕಿಸಿಕೊಳ್ಳಿ. ಮೊದಲು ಅನ್ನ ಉಣ್ಣಿ, ಹೊಟ್ಟೆಯಲ್ಲಿ ಜಾಗ ಇದ್ದರೆ ಆಮೇಲೆ ರೊಟ್ಟಿ. ಜೊತೆಗೆ ಬೇಳೆ ಗಟ್ಟಿಯಾಗಿ ಕೇಳಿ, ತಿಳಿ ಸಾರು ಬೇಡ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ.