ಮಡಿಕೇರಿ ಆಫೀಸಿನ ಕಂಪ್ಯೂಟರ್ ಹೆಸರು ಕುಶಾಲನಗರದಲ್ಲಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ (ಅಕೌಂಟೆಂಟ್, ಕುಶಾಲನಗರ):

ಸರ್, ನಮಸ್ಕಾರ. ನಮ್ಮದು ಕಾಫಿ, ಕರಿಮೆಣಸು ವ್ಯಾಪಾರ. ಮುಖ್ಯ ಆಫೀಸು ಮಡಿಕೇರಿಯಲ್ಲಿದೆ. ಗೋಡೌನ್ ಮತ್ತು ಒಂದು ಸಣ್ಣ ಆಫೀಸು ಕುಶಾಲನಗರದಲ್ಲಿದೆ. ಎರಡೂ ಕಡೆ ಫೈಬರ್ ಕನೆಕ್ಷನ್, ಮೈಕ್ರೋಟಿಕ್ ರೂಟರ್ ಇದೆ. ಮಧ್ಯೆ ವಿಪಿಎನ್ (ಇಂಟರ್ನೆಟ್ ಮೂಲಕ ಎರಡೂ ಆಫೀಸು ಸೇರಿಸುವ ಖಾಸಗಿ ದಾರಿ) ಮಾಡಿಸಿದ್ದೇವೆ. ಮಡಿಕೇರಿಯ ಐಪಿಗಳು (ಕಂಪ್ಯೂಟರುಗಳ ನಂಬರ್ ವಿಳಾಸಗಳು) 192.168.10ರಿಂದ ಶುರು, ನಮ್ಮವು 192.168.20ರಿಂದ. ಅಲ್ಲಿ ‘ಅಕೌಂಟ್ಸ್‌ಪಿಸಿ’ ಅಂತ ಒಂದು ಕಂಪ್ಯೂಟರ್ ಇದೆ. ಅದರ ಶೇರ್ ಫೋಲ್ಡರ್ ಮಡಿಕೇರಿಯವರಿಗೆ ಹೆಸರು ಹಾಕಿದರೆ ತೆರೆಯುತ್ತದೆ. ನಮಗೆ ತೆರೆಯುವುದಿಲ್ಲ. 192.168.10.5 ಅಂತ ಐಪಿ ಹಾಕಿದರೆ ಮಾತ್ರ ತೆರೆಯುತ್ತದೆ. ಸರ್ವರ್ ಇಲ್ಲ, ಎಲ್ಲವೂ ವಿಂಡೋಸ್ 10 ಮತ್ತು 11, ವರ್ಕ್‌ಗ್ರೂಪ್. ವಿಪಿಎನ್ ಮಾಡಿದವರು ‘ಐಪಿ ಹಾಕಿಯೇ ಕೆಲಸ ಮಾಡಿ’ ಅಂದರು. ಈಚೆಗೆ ಜೋರು ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಆ ಐಪಿಯೇ ಬದಲಾಗಿತ್ತು. ಹೆಸರಿನಲ್ಲೇ ತೆರೆಯುವ ಹಾಗೆ ಮಾಡಲು ಆಗುವುದಿಲ್ಲವಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್):

ಖಂಡಿತ ಆಗುತ್ತದೆ ಮೇಡಂ. ಐಪಿಯಲ್ಲಿ ತೆರೆಯುತ್ತಿದೆ ಎಂದರೆ ನಿಮ್ಮ ವಿಪಿಎನ್ ಸರಿಯಾಗಿದೆ. ದಾರಿ ಇದೆ, ಹೆಸರು ಹೇಳುವವರು ಇಲ್ಲ. ಇವೆರಡೂ ಬೇರೆ ಬೇರೆ ವಿಷಯ. ವಿಪಿಎನ್ ಹಾಕುವವರು ದಾರಿ ಮಾಡಿ ಕೈ ತೊಳೆದುಕೊಳ್ಳುವುದು ಜಾಸ್ತಿ.

ಸರ್ವರ್ ಇಲ್ಲದ ಆಫೀಸಿನಲ್ಲಿ ಹೆಸರು ಹೇಗೆ ಸಿಗುತ್ತದೆ? ಒಂದು ಕಂಪ್ಯೂಟರ್ ಇಡೀ ನೆಟ್‌ವರ್ಕಿಗೆ ಕೇಳುವಂತೆ ‘ಅಕೌಂಟ್ಸ್‌ಪಿಸಿ ಯಾರು?’ ಎಂದು ಕೂಗುತ್ತದೆ. ಆ ಹೆಸರಿನವನು ‘ನಾನು, ನನ್ನ ಐಪಿ ಇದು’ ಎನ್ನುತ್ತಾನೆ. ತೋಟದ ಲೈನ್ ಮನೆ ಅಂಗಳದಲ್ಲಿ ಹೆಸರು ಹಿಡಿದು ಕೂಗಿದರೆ ಆ ಲೈನಿನವರು ಓಗೊಡುತ್ತಾರೆ, ಪಕ್ಕದ ತೋಟದವರಿಗೆ ಕೇಳುವುದಿಲ್ಲ. ಹಾಗೆಯೇ ಇದು. ಹಳೆಯ ಪದ್ಧತಿ ನೆಟ್‌ಬಯಾಸ್, ಯುಡಿಪಿ 137ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಕಂಪ್ಯೂಟರಿನ ನಂಬರ್ ಹಾಕಿದ ಬಾಗಿಲು) ಬ್ರಾಡ್‌ಕಾಸ್ಟ್ ಮಾಡುತ್ತದೆ, ಅಂದರೆ ಎಲ್ಲರಿಗೂ ಕೂಗುತ್ತದೆ. ಆಮೇಲೆ ಬಂದ ಎಲ್‌ಎಲ್‌ಎಂಎನ್‌ಆರ್ 5355ರಲ್ಲಿ, ಎಂಡಿಎನ್ಎಸ್ 5353ರಲ್ಲಿ ಮಲ್ಟಿಕಾಸ್ಟ್ ಮಾಡುತ್ತವೆ. ಮೂರೂ ಒಂದೇ ನೆಟ್‌ವರ್ಕಿನ ಒಳಗೆ ಮಾತ್ರ. ರೂಟರ್ ಇವನ್ನು ಆಚೆ ಬಿಡುವುದಿಲ್ಲ. ಅದು ರೂಟರಿನ ದೋಷವಲ್ಲ, ಅದರ ಕೆಲಸವೇ ಅದು. ಎಲ್ಲರ ಕೂಗನ್ನೂ ಎಲ್ಲ ಕಡೆ ದಾಟಿಸಿದರೆ ವಿಪಿಎನ್ ಲೈನು ಸುಮ್ನೆ ತುಂಬಿಹೋಗುತ್ತದೆ.

ಹಾಗಾಗಿ ಎರಡು ನೆಟ್‌ವರ್ಕ್ ಆದ ದಿನವೇ ನಿಮಗೆ ಡಿಎನ್ಎಸ್ ಬೇಕು, ಅಂದರೆ ಹೆಸರು ಕೇಳಿದರೆ ಐಪಿ ಹೇಳುವ ವ್ಯವಸ್ಥೆ. ಅದಕ್ಕೆ ಸರ್ವರ್ ಕೊಳ್ಳುವುದು ಬೇಡ. ನಿಮ್ಮ ಮೈಕ್ರೋಟಿಕ್ ರೂಟರೇ ಸಾಕು.

ಮೊದಲು ಐಪಿ ಬದಲಾಗದಂತೆ ಮಾಡಿ. ಮಡಿಕೇರಿ ರೂಟರಿನಲ್ಲಿ ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರುಗಳಿಗೆ ಐಪಿ ಹಂಚುವ ಭಾಗ), ಅದರೊಳಗೆ ಲೀಸಸ್ ತೆರೆಯಿರಿ. ಅಕೌಂಟ್ಸ್‌ಪಿಸಿಯ ಸಾಲು ಹಿಡಿದು ‘ಮೇಕ್ ಸ್ಟ್ಯಾಟಿಕ್’ ಒತ್ತಿ. ಬೇರೆ ಐಪಿ ಸಿಕ್ಕಿದ್ದರೆ ಆ ಸಾಲಿನಲ್ಲೇ 192.168.10.5 ಎಂದು ತಿದ್ದಿ. ಇನ್ನು ಕರೆಂಟ್ ಎಷ್ಟು ಸಲ ಹೋದರೂ ಆ ಕಂಪ್ಯೂಟರಿಗೆ ಅದೇ ಐಪಿ ಸಿಗುತ್ತದೆ. ಪ್ರಿಂಟರಿಗೂ ಇದನ್ನೇ ಮಾಡಿ.

ಆಮೇಲೆ ಡಿಎನ್ಎಸ್ ಮೆನುವಿನ ಸ್ಟ್ಯಾಟಿಕ್ ಪಟ್ಟಿಯಲ್ಲಿ ಆ ಕಂಪ್ಯೂಟರಿನ ಪೂರ್ತಿ ಹೆಸರು ಮತ್ತು ಐಪಿ ಸೇರಿಸಿ. ಪೂರ್ತಿ ಹೆಸರು ಅಂದರೆ ‘ಅಕೌಂಟ್ಸ್‌ಪಿಸಿ ಡಾಟ್ ಆಫೀಸ್ ಡಾಟ್ ಇಂಟರ್ನಲ್’ ಎಂಬಂತೆ. ಹಿಂದಿನ ಭಾಗ ಡೊಮೈನ್ ಹೆಸರು. ‘ಡಾಟ್ ಲೋಕಲ್’ ಎಂದು ಮಾತ್ರ ಇಡಬೇಡಿ. ಅದು 2013ರಿಂದಲೇ ಎಂಡಿಎನ್ಎಸ್‌ಗೆ ಮೀಸಲು. ಕೆಲವು ಫೋನು, ಪ್ರಿಂಟರುಗಳು ಆ ಹೆಸರನ್ನು ಡಿಎನ್ಎಸ್‌ಗೆ ಕೇಳದೆ ಮತ್ತೆ ಕೂಗಲು ಶುರು ಮಾಡುತ್ತವೆ. ‘ಡಾಟ್ ಇಂಟರ್ನಲ್’ ಅನ್ನು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರ ಜುಲೈಯಲ್ಲಿ ಇಂಥ ಒಳ ನೆಟ್‌ವರ್ಕುಗಳಿಗೆಂದೇ ಮೀಸಲಿಟ್ಟಿದೆ. ನಿಶ್ಚಿಂತೆಯಿಂದ ಬಳಸಿ.

ಇದೇ ಪಟ್ಟಿಯನ್ನು ಕುಶಾಲನಗರದ ರೂಟರಿನಲ್ಲೂ ಹಾಕಿ. ಕೆಲವರು ಶಾಖೆಯ ಕಂಪ್ಯೂಟರುಗಳಿಗೆ ಮುಖ್ಯ ಆಫೀಸಿನ ಡಿಎನ್ಎಸ್ ಒಂದನ್ನೇ ಕೊಡುತ್ತಾರೆ. ನಮ್ಮ ಕಡೆ ಅದು ಬೇಡ. ಜುಲೈಯಲ್ಲಿ ಎಲ್ಲಾದರೂ ಮರ ಬಿದ್ದು ಮಡಿಕೇರಿಯ ಫೈಬರ್ ತುಂಡಾದರೆ ಕುಶಾಲನಗರದಲ್ಲಿ ಇಂಟರ್ನೆಟ್ಟೂ ನಿಲ್ಲುತ್ತದೆ. ಲೈನ್ ಚೆನ್ನಾಗಿಯೇ ಇರುತ್ತದೆ, ಆದರೆ ಯಾವ ವೆಬ್‌ಸೈಟಿನ ಹೆಸರೂ ಸಿಗುವುದಿಲ್ಲ. ನಾಲ್ಕೈದು ಹೆಸರಾದರೆ ಎರಡು ಕಡೆ ಬರೆಯುವುದೇ ವಾಸಿ.

ಕೊನೆಗೆ, ಎರಡೂ ರೂಟರಿನ ಡಿಎಚ್‌ಸಿಪಿ ನೆಟ್‌ವರ್ಕ್ಸ್ ಸೆಟ್ಟಿಂಗಿನಲ್ಲಿ ಡಿಎನ್ಎಸ್ ಸರ್ವರ್ ಎಂದು ಆಯಾ ರೂಟರಿನ ಐಪಿ ಕೊಡಿ. ಡೊಮೈನ್ ಜಾಗದಲ್ಲಿ ‘ಆಫೀಸ್ ಡಾಟ್ ಇಂಟರ್ನಲ್’ ಬರೆಯಿರಿ. ಆಗ ನೀವು ಬರೀ ‘ಅಕೌಂಟ್ಸ್‌ಪಿಸಿ’ ಎಂದು ಹಾಕಿದರೂ ವಿಂಡೋಸ್ ಹಿಂದಿನ ಭಾಗವನ್ನು ತಾನೇ ಸೇರಿಸಿ ಕೇಳುತ್ತದೆ.

ಎರಡು ಎಚ್ಚರಿಕೆ. ರೂಟರಿನ ಡಿಎನ್ಎಸ್ ಬಳಸಲು ‘ಅಲೌ ರಿಮೋಟ್ ರಿಕ್ವೆಸ್ಟ್ಸ್’ ಟಿಕ್ ಮಾಡಬೇಕು. ಮಾಡಿದ ಮೇಲೆ ಇಂಟರ್ನೆಟ್ ಕಡೆಯಿಂದ ಬರುವ 53ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿರಲೇಬೇಕು. ಇಲ್ಲದಿದ್ದರೆ ಹೊರಗಿನವರು ನಿಮ್ಮ ರೂಟರನ್ನು ಬೇರೆಯವರ ಮೇಲೆ ದಾಳಿ ಮಾಡಲು ಬಳಸುತ್ತಾರೆ. ಇನ್ನೊಂದು, ಎರಡನೇ ಡಿಎನ್ಎಸ್ ಎಂದು ಗೂಗಲ್‌ನ 8.8.8.8 ಕೊಡಬೇಡಿ. ಮೊದಲನೆಯವನಿಗೆ ಗೊತ್ತಿಲ್ಲದಿದ್ದರೆ ಎರಡನೆಯವನನ್ನು ಕೇಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯವನು ಉತ್ತರವೇ ಕೊಡದಿದ್ದರೆ ಮಾತ್ರ ಎರಡನೆಯವನ ಹತ್ತಿರ ಹೋಗುತ್ತದೆ. ರೂಟರ್ ಒಂದು ಕ್ಷಣ ತಡ ಮಾಡಿದರೆ ಸಾಕು, ವಿಂಡೋಸ್ 8.8.8.8ಗೆ ಹೋಗಿ ಕೇಳುತ್ತದೆ. ಅದು ‘ಅಂಥ ಹೆಸರೇ ಇಲ್ಲ’ ಎನ್ನುತ್ತದೆ. ಬೆಳಿಗ್ಗೆ ತೆರೆಯಿತು, ಮಧ್ಯಾಹ್ನ ತೆರೆಯಲಿಲ್ಲ ಎಂಬ ದೂರು ಹೆಚ್ಚಾಗಿ ಇಲ್ಲಿಂದಲೇ ಬರುತ್ತದೆ.

ಪ್ರಶ್ನೆ (ವಿರಾಜಪೇಟೆಯ ಒಬ್ಬ ಸದಸ್ಯರು):

ಅಣ್ಣಾ, ಇಷ್ಟೆಲ್ಲ ಯಾಕೆ? ಕಂಪ್ಯೂಟರಿನಲ್ಲೇ ಇರುವ ಹೆಸರು, ಐಪಿ ಪಟ್ಟಿ, ಅಂದರೆ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತಲ್ವಾ?

ಉತ್ತರ:

ಒಂದೇ ಕಂಪ್ಯೂಟರಿಗೆ, ಇವತ್ತಿನ ಮಟ್ಟಿಗೆ ಆದರೆ ಸರಿ ತಮ್ಮಾ. ವಿಂಡೋಸ್ ಮೊದಲು ನೋಡುವುದು ಅದನ್ನೇ, ಡಿಎನ್ಎಸ್‌ಗಿಂತಲೂ ಮುಂಚೆ. ತೊಂದರೆ ಇರುವುದೂ ಅಲ್ಲೇ. ಮುಂದೆ ಐಪಿ ಬದಲಾದಾಗ ಡಿಎನ್ಎಸ್ ಸರಿ ಮಾಡಿದರೂ ಆ ಕಂಪ್ಯೂಟರ್ ಮಾತ್ರ ಹಳೆಯ ಐಪಿಗೇ ಹೋಗುತ್ತಿರುತ್ತದೆ. ಆ ಸಾಲು ಬರೆದವರು ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿರುತ್ತಾರೆ. ಇಂಟರ್ನೆಟ್ಟಿನ ಕಥೆಯೂ ಇದೇ. ಮೊದಲು ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಹೋಸ್ಟ್ಸ್ ಫೈಲಿನಲ್ಲಿತ್ತು. ಎಲ್ಲರೂ ಅದನ್ನು ಇಳಿಸಿಕೊಳ್ಳುತ್ತಿದ್ದರು. ಹೆಸರು ಜಾಸ್ತಿಯಾಗಿ ಅದು ನಡೆಯದಾದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸಿದರು.

ಪ್ರಶ್ನೆ (ಅದೇ ಅಕೌಂಟೆಂಟ್):

ಸರ್, ನೀವು ಹೇಳಿದ ಹಾಗೇ ಮಾಡಿಸಿದೆವು. ಅಕೌಂಟ್ಸ್‌ಪಿಸಿ ಈಗ ಹೆಸರಿನಲ್ಲೇ ತೆರೆಯುತ್ತಿದೆ. ತುಂಬಾ ಥ್ಯಾಂಕ್ಸ್. ಆದರೆ ಮಡಿಕೇರಿಯ ಇನ್ನೊಂದು ಕಂಪ್ಯೂಟರ್ ‘ಬಿಲ್ಲಿಂಗ್‌ಪಿಸಿ’ ತೆರೆಯುತ್ತಿಲ್ಲ. ಅದರ ಹೆಸರನ್ನೂ ಎರಡೂ ರೂಟರಿನಲ್ಲಿ ಹಾಕಿದ್ದೇವೆ. ಮಡಿಕೇರಿಯಲ್ಲಿ ತೆರೆಯುತ್ತದೆ, ಇಲ್ಲಿ ಇಲ್ಲ. ಪಿಂಗ್ ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರುತ್ತದೆ.

ಉತ್ತರ:

ಒಳ್ಳೆಯ ಸುಳಿವು ಕೊಟ್ಟಿರಿ ಮೇಡಂ. ಪಿಂಗ್ ಏನು ಹೇಳುತ್ತದೆ ಎಂಬುದನ್ನು ಸರಿಯಾಗಿ ಓದಬೇಕು. ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದರೆ ಹೆಸರೇ ಸಿಗಲಿಲ್ಲ. ‘ಟೈಮ್ಡ್ ಔಟ್’ ಎಂದರೆ ಹೆಸರು ಸಿಕ್ಕಿತು, ಐಪಿಯೂ ಗೊತ್ತಾಯಿತು, ಆ ಕಡೆಯಿಂದ ಉತ್ತರ ಬರಲಿಲ್ಲ. ಮೊದಲ ಸಾಲಿನಲ್ಲಿ ಹೆಸರಿನ ಪಕ್ಕ ಸರಿಯಾದ ಐಪಿ ಇದೆಯಾ ನೋಡಿ. ಇದ್ದರೆ ಡಿಎನ್ಎಸ್ ಕೆಲಸ ಮುಗಿದಿದೆ. ಇನ್ನು ಅದನ್ನು ಮುಟ್ಟಬೇಡಿ.

ಈಗ ನೋಡಬೇಕಾದ್ದು ಬಿಲ್ಲಿಂಗ್‌ಪಿಸಿಯ ವಿಂಡೋಸ್ ಫೈರ್‌ವಾಲ್. ಫೈಲ್ ಶೇರಿಂಗ್ ಆನ್ ಮಾಡಿದಾಗ ವಿಂಡೋಸ್ 445ನೇ ಪೋರ್ಟ್ ತೆರೆಯುತ್ತದೆ, ನಿಜ. ಆದರೆ ವರ್ಕ್‌ಗ್ರೂಪ್ ಕಂಪ್ಯೂಟರಿನಲ್ಲಿ ಅದು ‘ಲೋಕಲ್ ಸಬ್‌ನೆಟ್’ಗೆ ಮಾತ್ರ. ಅಂದರೆ 192.168.10ರವರಿಗೆ ಬಾಗಿಲು ತೆರೆದಿದೆ, ನಿಮ್ಮ 192.168.20ಕ್ಕೆ ಮುಚ್ಚಿದೆ. ಪಿಂಗ್‌ಗೂ ಇದೇ ನಿಯಮ. ಅದಕ್ಕೇ ವಿಪಿಎನ್ ಸರಿ ಇದ್ದರೂ ಪಿಂಗ್ ಬರುವುದಿಲ್ಲ, ಜನ ವಿಪಿಎನ್ ಮೇಲೆ ಅನುಮಾನ ಪಡುತ್ತಾರೆ. ಅಕೌಂಟ್ಸ್‌ಪಿಸಿ ಮೊದಲಿಂದಲೂ ತೆರೆಯುತ್ತಿತ್ತು ಎಂದರೆ ಅಲ್ಲಿ ಯಾರೋ ಫೈರ್‌ವಾಲನ್ನೇ ಆಫ್ ಮಾಡಿರಬಹುದು. ದಯವಿಟ್ಟು ಅದನ್ನೂ ನೋಡಿ. ಲೆಕ್ಕಪತ್ರ ಇರುವ ಕಂಪ್ಯೂಟರ್ ಹಾಗೆ ಬಟಾಬಯಲಾಗಿ ಇರಬಾರದು.

ಸರಿ ಮಾಡುವುದು ಹೀಗೆ. ಬಿಲ್ಲಿಂಗ್‌ಪಿಸಿಯಲ್ಲಿ ಅಡ್ವಾನ್ಸ್ಡ್ ಫೈರ್‌ವಾಲ್ ವಿಂಡೋ ತೆರೆದು ಇನ್‌ಬೌಂಡ್ ರೂಲ್ಸ್‌ಗೆ ಹೋಗಿ. ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್, ಎಸ್‌ಎಂಬಿ ಇನ್’ ಎಂಬ ರೂಲ್ ಹುಡುಕಿ (ಎಸ್‌ಎಂಬಿ ಎಂದರೆ ವಿಂಡೋಸ್ ಫೈಲ್ ಹಂಚುವ ಪದ್ಧತಿ). ಪ್ರೈವೇಟ್ ಪ್ರೊಫೈಲಿನದ್ದನ್ನು ತೆಗೆದುಕೊಳ್ಳಿ. ಅದರ ಸ್ಕೋಪ್ ಟ್ಯಾಬಿನಲ್ಲಿ ರಿಮೋಟ್ ಐಪಿ ಎಂಬ ಕಡೆ 192.168.20.0/24, ಅಂದರೆ ಕುಶಾಲನಗರದ ಎಲ್ಲ ಐಪಿಗಳನ್ನು ಸೇರಿಸಿ. ಪಿಂಗ್ ಬೇಕಿದ್ದರೆ ‘ಎಕೋ ರಿಕ್ವೆಸ್ಟ್’ ರೂಲಿಗೂ ಅದನ್ನೇ ಸೇರಿಸಿ. ಫೈರ್‌ವಾಲ್ ಆಫ್ ಮಾಡುವುದು ಬೇಡವೇ ಬೇಡ.

ಪ್ರಶ್ನೆ (ಗೋಣಿಕೊಪ್ಪದ ಒಬ್ಬ ಸದಸ್ಯರು):

ಸರ್, ನಮ್ಮಲ್ಲೂ ಇದೇ ಥರ ಎರಡು ಆಫೀಸು. ಹೆಸರು ಹಾಕಿದರೆ ತೆರೆಯುತ್ತದೆ. ಆದರೆ ನೆಟ್‌ವರ್ಕ್ ವಿಂಡೋದಲ್ಲಿ ಆ ಕಡೆಯ ಕಂಪ್ಯೂಟರುಗಳು ಕಾಣುವುದೇ ಇಲ್ಲ. ಒಬ್ಬರು ಎಸ್‌ಎಂಬಿ 1 ಆನ್ ಮಾಡಿ, ವಿನ್ಸ್ ಸರ್ವರ್ ಹಾಕಿ ಅಂತಿದ್ದಾರೆ. ಮಾಡಬಹುದಾ?

ಉತ್ತರ:

ಎಸ್‌ಎಂಬಿ 1 ಬೇಡ ಸರ್. ಇದನ್ನು ಒತ್ತಿ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ದೇಶದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದು ಹರಡಿದ್ದು ಎಸ್‌ಎಂಬಿ 1ರ ದೋಷದ ಮೂಲಕವೇ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಹಳೆಯ ಕಂಪ್ಯೂಟರ್ ಪಟ್ಟಿ ಮಾಡುತ್ತಿದ್ದ ಬ್ರೌಸರ್ ಸರ್ವಿಸ್ ಅದನ್ನೇ ನೆಚ್ಚಿಕೊಂಡಿತ್ತು. ಅದೂ ಹೋಯಿತು. ಈಗಿನ ಪಟ್ಟಿ ಡಬ್ಲ್ಯೂಎಸ್ ಡಿಸ್ಕವರಿ ಎಂಬುದರಿಂದ ಬರುತ್ತದೆ. ಅದು 3702ನೇ ಪೋರ್ಟಿನಲ್ಲಿ ಮಲ್ಟಿಕಾಸ್ಟ್ ಮಾಡುತ್ತದೆ. ಮತ್ತೆ ಅದೇ, ರೂಟರ್ ದಾಟುವುದಿಲ್ಲ. ಪಟ್ಟಿಯಲ್ಲಿ ಕಾಣದಿದ್ದರೆ ಚಿಂತೆ ಬೇಡ. ಪೂರ್ತಿ ಹೆಸರಿನಲ್ಲಿ ನೆಟ್‌ವರ್ಕ್ ಡ್ರೈವ್ ಮ್ಯಾಪ್ ಮಾಡಿಕೊಡಿ. ದಿನಾ ಕೆಲಸ ಮಾಡುವವರಿಗೆ ಬೇಕಾದ್ದು ಆ ಡ್ರೈವ್, ಪಟ್ಟಿ ಅಲ್ಲ.

ವಿನ್ಸ್ ಬಗ್ಗೆ. ಅದು ಕೆಟ್ಟದ್ದಲ್ಲ, ಅದರ ಕಾಲ ಮುಗಿದಿದೆ ಅಷ್ಟೆ. ನೆಟ್‌ಬಯಾಸ್ ಹೆಸರುಗಳು ಟಿಸಿಪಿ/ಐಪಿ ಮೇಲೆ ಹೇಗೆ ನಡೆಯಬೇಕು ಎಂಬ ನಿಯಮ ಬಂದದ್ದು 1987ರಲ್ಲಿ. ಕೂಗು ರೂಟರ್ ದಾಟುವುದಿಲ್ಲ ಎಂಬ ಇದೇ ಸಮಸ್ಯೆಗೆ ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ ವಿನ್ಸ್. ಕಂಪ್ಯೂಟರುಗಳು ಕೂಗುವ ಬದಲು ತಮ್ಮ ಹೆಸರನ್ನು ಒಂದು ಸರ್ವರಿನಲ್ಲಿ ಬರೆಸುತ್ತಿದ್ದವು, ಬೇರೆಯವು ಅಲ್ಲಿ ಕೇಳುತ್ತಿದ್ದವು. ಹೆಸರು 15 ಅಕ್ಷರ ದಾಟುವಂತಿಲ್ಲ. ಈಗ ಮೈಕ್ರೋಸಾಫ್ಟೇ ಅದನ್ನು ಬಿಟ್ಟು ಡಿಎನ್ಎಸ್‌ಗೆ ಬನ್ನಿ ಎನ್ನುತ್ತಿದೆ. ನಿಮ್ಮಲ್ಲಿ ವೇಬ್ರಿಡ್ಜಿನ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಏನಾದರೂ ಇದ್ದು, ಅದರ ಸಾಫ್ಟ್‌ವೇರ್ ಹಳೆಯ ನೆಟ್‌ಬಯಾಸ್ ಹೆಸರನ್ನೇ ಕೇಳುತ್ತದೆ ಎಂದಾದರೆ ಆ ಒಂದರಲ್ಲಿ ಎಲ್‌ಎಂಹೋಸ್ಟ್ಸ್ ಫೈಲ್ (ನೆಟ್‌ಬಯಾಸ್ ಹೆಸರುಗಳ ಹೋಸ್ಟ್ಸ್ ಫೈಲ್) ಬರೆಯಿರಿ. ಅದನ್ನು ಬೇರೆ ಕಂಪ್ಯೂಟರುಗಳಿಂದ ದೂರ, ಬೇರೆ ನೆಟ್‌ವರ್ಕಿನಲ್ಲಿ ಇಡಿ. ಅದೊಂದಕ್ಕಾಗಿ ಇಡೀ ಆಫೀಸಿಗೆ ವಿನ್ಸ್ ಬೇಡ.

ಪ್ರಶ್ನೆ (ವಿರಾಜಪೇಟೆಯ ಸದಸ್ಯರು):

ಅಣ್ಣಾ, ನಮ್ಮಲ್ಲಿ ಹೆಸರು ಸಿಗುತ್ತದೆ, ಫೋಲ್ಡರೂ ತೆರೆಯುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಇದೂ ಡಿಎನ್ಎಸ್ಸಾ?

ಉತ್ತರ:

ಅಲ್ಲ ತಮ್ಮಾ. ಸಣ್ಣದು ಹೋಗಿ ದೊಡ್ಡದು ನಿಂತರೆ ಮೊದಲು ಎಂಟಿಯು, ಅಂದರೆ ಲೈನಿನಲ್ಲಿ ಹೋಗಬಹುದಾದ ಪ್ಯಾಕೆಟಿನ ಗರಿಷ್ಠ ಅಳತೆ, ನೋಡು. ಮಾಮೂಲಿ ಪ್ಯಾಕೆಟ್ 1500 ಬೈಟ್. ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ) ಫೈಬರಿನಲ್ಲಿ ಸಾಮಾನ್ಯವಾಗಿ 1492 ಹೋಗುತ್ತದೆ. ಅದರೊಳಗೆ ವಿಪಿಎನ್‌ನ ಹೊದಿಕೆ ಬೇರೆ ಜಾಗ ತಿನ್ನುತ್ತದೆ. ರೂಟರಿನಲ್ಲಿ ವಿಪಿಎನ್ ಕಡೆಗೆ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟಿನಲ್ಲಿ ತುಂಬುವ ಡೇಟಾದ ಗರಿಷ್ಠ ಅಳತೆ) ಕಡಿಮೆ ಮಾಡುವ ಮ್ಯಾಂಗಲ್ ರೂಲ್ ಹಾಕಿಸು.

ಪ್ರಶ್ನೆ (ಅಕೌಂಟೆಂಟ್):

ಬಿಲ್ಲಿಂಗ್‌ಪಿಸಿಯೂ ತೆರೆಯಿತು ಸರ್! ಫೈರ್‌ವಾಲ್ ಸ್ಕೋಪೇ ಕಾರಣ. ಕೊನೆಯದಾಗಿ ಒಂದು. ಈಗ ಹೆಸರು ಸಿಗುತ್ತಿರುವುದರಿಂದ ಟ್ಯಾಲಿಯ ಡೇಟಾ ಫೋಲ್ಡರಿಗೂ ಇಲ್ಲಿಂದಲೇ ಅದೇ ಹೆಸರಿನ ಪಾತ್ ಕೊಟ್ಟು ನೇರವಾಗಿ ಎಂಟ್ರಿ ಮಾಡಬಹುದಾ?

ಉತ್ತರ:

ದಯವಿಟ್ಟು ಬೇಡ ಮೇಡಂ. ಬಿಲ್ಲು, ಎಕ್ಸೆಲ್ ಶೀಟು ಓದಲು ಈ ದಾರಿ ಚೆನ್ನ. ಆದರೆ ಲೆಕ್ಕದ ಸಾಫ್ಟ್‌ವೇರ್ ಒಂದು ಎಂಟ್ರಿಗೆ ಎಷ್ಟೋ ಸಲ ಫೈಲನ್ನು ಓದಿ ಬರೆದು ಮಾಡುತ್ತದೆ. ಒಂದೇ ಆಫೀಸಿನೊಳಗೆ ಅದು ಗೊತ್ತಾಗುವುದಿಲ್ಲ. ಮಡಿಕೇರಿ, ಕುಶಾಲನಗರದ ಮಧ್ಯೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತಡವಾಗಿ ತೆವಳುತ್ತದೆ. ಎಂಟ್ರಿ ಮಧ್ಯದಲ್ಲಿ ಲೈನ್ ಹೋದರೆ ಡೇಟಾವೇ ಕೆಡಬಹುದು. ಮಳೆಗಾಲದ ನಮ್ಮ ಲೈನು ನಿಮಗೆ ಗೊತ್ತೇ ಇದೆ.

ಮಡಿಕೇರಿಯಲ್ಲಿ ನಿಮಗೆಂದು ಒಂದು ಕಂಪ್ಯೂಟರ್ ಬಿಟ್ಟುಕೊಟ್ಟರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ಅದರ ಪರದೆಯನ್ನು ಇಲ್ಲಿಂದಲೇ ತೆರೆದು ಕೆಲಸ ಮಾಡಿ. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಒಂದು ಸಲಕ್ಕೆ ಒಬ್ಬರೇ ಕೂರಬಹುದು. ಲೈನ್ ಹೋದರೂ ಟ್ಯಾಲಿ ಅಲ್ಲೇ ತೆರೆದಿರುತ್ತದೆ, ಮತ್ತೆ ಸೇರಿದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಅದರ ಹೆಸರನ್ನೂ ಎರಡೂ ರೂಟರಿನಲ್ಲಿ ಸೇರಿಸಿ, ಫೈರ್‌ವಾಲ್‌ನಲ್ಲಿ 3389ನೇ ಪೋರ್ಟನ್ನು 192.168.20.0/24ಕ್ಕೆ ಮಾತ್ರ ಬಿಡಿ. ಇಂಟರ್ನೆಟ್ ಕಡೆಯಿಂದ ಆ ಪೋರ್ಟನ್ನು ಫಾರ್ವರ್ಡ್ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಪಿಎನ್ ಒಳಗಿಂದಷ್ಟೇ ಬಳಸಿ.