ಅಜ್ಜಿಯ ಚೇಳು: ಒಂದು ಹಚ್ಚೆಯ ವಿನ್ಯಾಸದ ಮೇಲೆ ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಮುಂಗೈಗೆ ಹಾಕಿಸಿಕೊಳ್ಳಬೇಕೆಂದಿರುವ ಹಚ್ಚೆಯ ಕರಡನ್ನು ಶನಿವಾರ ರಾತ್ರಿ ನಮ್ಮ 'ಬಸವನಗುಡಿ ಮನೆ' ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ನಡುವೆ ಅಜ್ಜಿಯ ಕೈಮೇಲಿದ್ದ ಹಚ್ಚೆಯ ಚೇಳು, ಅದರ ಮೈತುಂಬ ತೊಗಲುಗೊಂಬೆಯ ರಂಧ್ರಗಳನ್ನು ಅನುಸರಿಸಿದ ಚುಕ್ಕಿಗಳು, ಹಿನ್ನೆಲೆಗೆ ಮಲೆನಾಡಿನ ಚಿತ್ತಾರದ ಗೆರೆಗಳು. ಮೂರನ್ನೂ ಹೊಂದಿಸುವ ಕ್ರಮವನ್ನು ಜಪಾನಿನ ಹಚ್ಚೆಯಿಂದ ಕಲಿತದ್ದೆಂದು ಕೆಳಗೆ ಬರೆದಿದ್ದೆ. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ಮುಂದಿನದನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

ಚಿಕ್ಕಪ್ಪ (ಫಾರ್ವರ್ಡ್): ತಂದೆತಾಯಂದಿರು ದಯವಿಟ್ಟು ಓದಿ. ಹಚ್ಚೆ ಹಾಕಿಸಿಕೊಂಡವರು ಜೀವನಪರ್ಯಂತ ರಕ್ತದಾನ ಮಾಡುವಂತಿಲ್ಲ. ಸೇನೆಗೆ ಸೇರುವಂತಿಲ್ಲ. ಎಂಆರ್‌ಐ ಯಂತ್ರದೊಳಗೆ ಹೋದರೆ ಚರ್ಮ ಸುಟ್ಟುಹೋಗುತ್ತದೆ. ನಮ್ಮ ಸಂಸ್ಕೃತಿಯ ಚಿತ್ರಗಳನ್ನು ವಿದೇಶಿ ಚಿತ್ರಗಳೊಂದಿಗೆ ಬೆರೆಸಿ ಮೈಮೇಲೆ ಧರಿಸಿದರೆ ಮನೆಗೆ ದೋಷ ತಟ್ಟುತ್ತದೆ. ಹತ್ತು ಗುಂಪುಗಳಿಗೆ ಕಳುಹಿಸಿ.

ದೊಡ್ಡಪ್ಪ: ಸಕಾಲದಲ್ಲಿ ಬಂದ ಮಾತು. ನಿನ್ನೆ ರಾತ್ರಿ ಆ ಚಿತ್ರವನ್ನು ನೋಡಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ದೇಹವೆನ್ನುವುದು ತಂದೆತಾಯಿ ಕೊಟ್ಟದ್ದು. ಅದರ ಮೇಲೆ ಅಳಿಸಲಾಗದ ಗುರುತನ್ನು ಮಾಡಿಕೊಳ್ಳುವ ಮುನ್ನ ಹಿರಿಯರನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಒಂದು ಶೈಲಿಯನ್ನು ಪೂರ್ತಿಯಾಗಿ ಕಲಿಯುವ ತಾಳ್ಮೆ ಇಲ್ಲದವರು ಮಾತ್ರ ನಾಲ್ಕು ಶೈಲಿಗಳನ್ನು ಕಲಸುತ್ತಾರೆ.

ಅಣ್ಣ (ದೊಡ್ಡಪ್ಪನ ಮಗ): ಚಿಕ್ಕಪ್ಪ, ಇದನ್ನು ಬರೆದವರು ಯಾರು? ಮೂಲವೇನು? ರಕ್ತದಾನದ ವಿಷಯದಲ್ಲಿ ರಾಷ್ಟ್ರೀಯ ರಕ್ತ ವರ್ಗಾವಣಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ಕಾಯಬೇಕು, ಆಮೇಲೆ ಕೊಡಬಹುದು. ಸೇನೆಯಲ್ಲಿ ಮುಂಗೈಯ ಒಳಭಾಗದ ಮತ್ತು ಅಂಗೈಯ ಹಿಂಬದಿಯ ಹಚ್ಚೆಗಳಿಗೆ ಅವಕಾಶವಿದೆ, ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗಳಿಗೆ ಇನ್ನೂ ಹೆಚ್ಚಿನ ವಿನಾಯಿತಿಯಿದೆ. ಕಬ್ಬಿಣದ ಆಕ್ಸೈಡ್ ಇರುವ ಬಣ್ಣವಾದರೆ ಎಂಆರ್‌ಐ ಮಾಡುವಾಗ ಅಪರೂಪಕ್ಕೆ ಉರಿಯಾಗುವುದುಂಟು. ಅದಕ್ಕಾಗಿ ಮೊದಲೇ ತಂತ್ರಜ್ಞರಿಗೆ ತಿಳಿಸಬೇಕಷ್ಟೆ. ನಾಲ್ಕನೆಯ ಮಾತಿಗೆ ಮೂಲ ಕೇಳುವುದು ಹೇಗೆಂದು ನನಗೆ ತಿಳಿಯದು.

ಚಿಕ್ಕಪ್ಪ: ನಾನೇನೂ ಬರೆದದ್ದಲ್ಲ. ಬಂದದ್ದನ್ನು ಕಳುಹಿಸಿದೆ. ಈ ಗುಂಪಿನಲ್ಲಿ ನಾನು ಏನು ಹಾಕಿದರೂ ನ್ಯಾಯಾಲಯದಲ್ಲಿ ನಿಲ್ಲಿಸುವುದು ಇವನಿಗೆ ಅಭ್ಯಾಸವಾಗಿದೆ.

ಅತ್ತೆ: ತಮ್ಮಾ, ಫಾರ್ವರ್ಡ್ ಮಾಡುವ ಮೊದಲು ನಿನ್ನ ಎಡತೋಳನ್ನು ನೋಡಿಕೊಳ್ಳಬೇಕಾಗಿತ್ತು. ಕಡಲೆಕಾಯಿ ಪರಿಷೆಯಲ್ಲಿ ಯಂತ್ರ ಇಟ್ಟುಕೊಂಡು ಕುಳಿತಿದ್ದವನ ಹತ್ತಿರ ನಿನ್ನ ಹೆಸರಿನ ಮೊದಲ ಅಕ್ಷರವನ್ನು ಬರೆಸಿಕೊಂಡು ಬಂದವನು ನೀನು. ಅದೇ ಪರಿಷೆಯಲ್ಲಿ ನಾನು ಮಣಿಕಟ್ಟಿಗೆ ಮೂರೇ ಮೂರು ಚುಕ್ಕಿ ಇಡಿಸಿಕೊಳ್ಳಲು ಕುಳಿತಾಗ ದೊಡ್ಡಣ್ಣ ಕೈಹಿಡಿದು ಎಬ್ಬಿಸಿಕೊಂಡು ಬಂದ. ತಮ್ಮನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದು ಮನೆಗೆ ತಟ್ಟದ ದೋಷ ಇಂದು ಎಲ್ಲಿಂದ ಬರುತ್ತದೆ?

ದೊಡ್ಡಪ್ಪ: ಅದು ಬೇರೆ ಕಾಲ, ಬೇರೆ ಸಂದರ್ಭ. ಒಂದೇ ಸೂಜಿಯಲ್ಲಿ ಊರಿನವರಿಗೆಲ್ಲ ಚುಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ನಿನ್ನ ಆರೋಗ್ಯಕ್ಕಾಗಿಯೇ ಎಬ್ಬಿಸಿದ್ದು.

ಅಣ್ಣ: ಆ ಒಂದು ಕಾರಣ ಸರಿಯಾಗಿದೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಇವೆಲ್ಲವೂ ಹಾಗೆ ಹಂಚಿಕೊಂಡ ಸೂಜಿಯಿಂದ ಹರಡಬಲ್ಲವು. ರಕ್ತದಾನಕ್ಕೆ ಕಾಯುವ ಅವಧಿಯಿರುವುದೂ ಅದಕ್ಕಾಗಿಯೇ. ಆದರೆ ಅದೇ ಕಾರಣ ಚಿಕ್ಕಪ್ಪನ ತೋಳಿಗೂ ಅನ್ವಯಿಸಬೇಕಿತ್ತಲ್ಲವೇ, ಅಪ್ಪ?

ಅಮ್ಮ: ಭಾವನವರು ಹೇಳಿದ್ದರಲ್ಲಿ ಕಾಳಜಿಯಿದೆ, ಅದನ್ನು ಬೇರೆ ರೀತಿ ತೆಗೆದುಕೊಳ್ಳುವುದು ಬೇಡ. ಮಗಳೇ, ಚಿತ್ರದ ಬಗ್ಗೆ ನೀನೇ ಹೇಳು. ಇವರ್ಯಾರೂ ಅದನ್ನು ಸರಿಯಾಗಿ ನೋಡಿದಂತಿಲ್ಲ.

ನಾನು: ದೊಡ್ಡಪ್ಪ, ತಾಳ್ಮೆ ಇಲ್ಲದವರು ಶೈಲಿಗಳನ್ನು ಕಲಸುತ್ತಾರೆ ಎಂದಿರಿ. ಕಲಸುವುದರ ಬಗ್ಗೆ ನನಗೂ ಅದೇ ಅಸಮಾಧಾನವಿದೆ. ಇಂದಿರಾನಗರದಲ್ಲಿಯೂ ಬ್ರಿಗೇಡ್ ರಸ್ತೆಯಲ್ಲಿಯೂ ನಾನು ನೋಡಿದ ಮಾದರಿ ಪುಸ್ತಕಗಳಲ್ಲಿ ಒಂದೇ ತೋಳಿನ ಮೇಲೆ ಮಂಡಲ, ಸಿಂಹದ ಮುಖ, ಜಲವರ್ಣದ ಕಲೆ, ರೋಮನ್ ಅಂಕಿಗಳು ಒಂದರ ಪಕ್ಕ ಒಂದು ಇರುತ್ತವೆ. ಒಂದಕ್ಕೊಂದು ಮಾತನಾಡುವುದಿಲ್ಲ. ಹಲವು ಶೈಲಿಗಳು ಒಂದು ಚಿತ್ರವಾಗಬೇಕಾದರೆ ಅವುಗಳಲ್ಲಿ ಒಂದು ಮನೆಯ ಯಜಮಾನಿಕೆಯನ್ನು ವಹಿಸಬೇಕು, ಉಳಿದವು ಅದರ ಗೆರೆಯ ದಪ್ಪಕ್ಕೆ, ಅದರ ಬಣ್ಣಕ್ಕೆ ಒಪ್ಪಿಕೊಳ್ಳಬೇಕು. ನನ್ನ ಚಿತ್ರದಲ್ಲಿ ಆ ಸ್ಥಾನ ಅಜ್ಜಿಯ ಹಚ್ಚೆಯದು, ಆದ್ದರಿಂದ ಕಪ್ಪು ಬಣ್ಣವೊಂದೇ, ಚುಕ್ಕಿಯೇ ಮೂಲಮಾನ. ತೊಗಲುಗೊಂಬೆಯನ್ನು ಆರಿಸಿದ್ದು ಅದೂ ಚರ್ಮದ ಕಲೆಯಾದ್ದರಿಂದ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿ ಆ ಗೊಂಬೆಗಳನ್ನು ನೋಡುತ್ತ ನಿಂತರೆ, ಆಭರಣವೂ ಸೀರೆಯ ಅಂಚೂ ಬಣ್ಣಕ್ಕಿಂತ ಹೆಚ್ಚಾಗಿ ಉಳಿಯಲ್ಲಿ ಕೊರೆದ ರಂಧ್ರಗಳಿಂದ ಹುಟ್ಟುವುದು ಕಾಣುತ್ತದೆ. ಪರದೆಯ ಹಿಂದಿನ ದೀಪದ ಬೆಳಕು ಆ ರಂಧ್ರಗಳಿಂದ ಬರುತ್ತದೆ. ಗೊಂಬೆಯ ರಂಧ್ರವೂ ಹಚ್ಚೆಯ ಸೂಜಿಮೊನೆಯೂ ಎರಡೂ ಚುಕ್ಕಿಗಳೇ ಆದ್ದರಿಂದ ಚೇಳಿನ ಮೈಮೇಲೆ ಅವುಗಳನ್ನು ಬೆಸೆಯುವುದಕ್ಕೆ ನಾನು ಹೆಣಗಬೇಕಾಗಲಿಲ್ಲ.

ದೊಡ್ಡಪ್ಪ: ಬೆರೆಸಲೇಬೇಕಾಗಿದ್ದರೆ ಮೈಸೂರು ಶೈಲಿ ಇರಲಿಲ್ಲವೇ? ನಮ್ಮ ಹಜಾರದಲ್ಲಿ ನಿನ್ನ ಮುತ್ತಜ್ಜನ ಕಾಲದ ಪಟ್ಟಾಭಿಷೇಕದ ಚಿತ್ರ ತೂಗುತ್ತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಕಲೆ ನಿನ್ನ ಕಣ್ಣಿಗೆ ಬೀಳದೆ ಜಪಾನು ಬಿತ್ತು.

ನಾನು: ಮೊದಲ ಕರಡು ಮೈಸೂರು ಶೈಲಿಯದೇ ಆಗಿತ್ತು, ದೊಡ್ಡಪ್ಪ. ಅದನ್ನು ಬಿಟ್ಟದ್ದು ಆ ಕಲೆಯ ಮೇಲಿನ ಗೌರವದಿಂದ. ಆ ಚಿತ್ರದ ಕಿರೀಟವನ್ನು ಬೆರಳಿನಿಂದ ಮುಟ್ಟಿದರೆ ತೆಳುವಾಗಿ ಉಬ್ಬಿರುವುದು ತಿಳಿಯುತ್ತದೆ. ಗೆಸ್ಸೊ ಎನ್ನುವ ಲೇಪವನ್ನು ಕುಂಚದಿಂದ ಎಬ್ಬಿಸಿ, ಅದರ ಮೇಲೆ ಚಿನ್ನದ ಹಾಳೆಯನ್ನು ಕೂರಿಸಿ ಮಾಡಿದ ಕೆಲಸವದು. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪವಾಗಿರುತ್ತದೆ, ನಮ್ಮಲ್ಲಿ ಅತಿ ನಯವಾಗಿರುತ್ತದೆ, ಮೈಸೂರಿನ ಹೆಗ್ಗಳಿಕೆಯೇ ಆ ನಯ. ಚರ್ಮದೊಳಗಿನ ಶಾಯಿಗೆ ಉಬ್ಬೂ ಇಲ್ಲ, ಚಿನ್ನದ ಹೊಳಪೂ ಇಲ್ಲ. ಶಾಯಿ ನಿಲ್ಲುವುದು ಮೇಲ್ಪದರದ ಕೆಳಗೆ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ನಮ್ಮ ಮೈಬಣ್ಣವನ್ನು ಕೊಡುವ ಮೆಲನಿನ್ ಅದರ ಮೇಲಿರುತ್ತದೆ. ಹೀಗಾಗಿ ಯಾವ ಬಣ್ಣವನ್ನು ಹಾಕಿದರೂ ನಮ್ಮ ಕಂದುಬಣ್ಣದ ಮೂಲಕವೇ ನೋಡಬೇಕು. ಹಳದಿ ಮಂಕಾಗಿ ಕಾಣುತ್ತದೆ, ಬಿಳಿ ಬೇಗ ಮರೆಯಾಗುತ್ತದೆ. ಕೂದಲೆಳೆಯಷ್ಟು ತೆಳುವಾದ ರೆಪ್ಪೆಯ ಗೆರೆಗಳು ವರ್ಷಗಳು ಕಳೆದಂತೆ ಹರಡಿ ಒಂದಕ್ಕೊಂದು ಸೇರುತ್ತವೆ. ಸೀತೆಯ ಮುಖವನ್ನು ಆ ಗತಿಗೆ ತರಲು ನನಗೆ ಮನಸ್ಸು ಬರಲಿಲ್ಲ.

ಅತ್ತೆ: ಹರಡುವುದು ನಿಜ. ಅಮ್ಮನ ಕೈಮೇಲಿನ ಚೇಳಿನ ಕಾಲುಗಳು ಕೊನೆಕೊನೆಗೆ ಕೂಡಿಕೊಂಡು ಎರಡು ದಪ್ಪ ಗೆರೆಗಳಾಗಿದ್ದವು. ಮಾಗಡಿ ಕಡೆಯ ತವರಿನಲ್ಲಿ ಅವಳಿಗೆ ಹಚ್ಚೆ ಹುಯ್ದವಳು ಕೊರವಂಜಿ. ದೀಪದ ಕಾಡಿಗೆಗೆ ಸೊಪ್ಪಿನ ರಸ ಬೆರೆಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿಕೊಂಡು, ಹುಡುಗಿ ಅಳದಿರಲೆಂದು ಹಾಡು ಹೇಳುತ್ತ ಚುಚ್ಚುತ್ತಿದ್ದಳಂತೆ. ಕೂಲಿಗೆ ಮೊರದಲ್ಲಿ ರಾಗಿ, ಮೇಲೊಂದು ಹಳೆಯ ಸೀರೆ. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕಾಗಿಯೇ ನಾನು ಪರಿಷೆಯಲ್ಲಿ ಕುಳಿತದ್ದು, ದೊಡ್ಡಣ್ಣ. ಕಾಡಿಗೆಯಾದರೂ ಅದು ಹಸಿರಾಗಿ ಕಾಣುತ್ತಿದ್ದುದು ಸೊಪ್ಪಿನ ರಸದಿಂದ ಇರಬೇಕು.

ಅಣ್ಣ: ಹಸಿರಿಗೆ ಮುಖ್ಯ ಕಾರಣ ಸೊಪ್ಪಲ್ಲ, ಅತ್ತೆ. ಚರ್ಮದ ಕೆಳಗಿರುವ ಕಪ್ಪು ಇಂಗಾಲ ಬೆಳಕಿನ ಚದುರುವಿಕೆಯಿಂದ ನೀಲಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಗೆರೆ ಉಳಿಯುವುದಕ್ಕೂ ಕಾರಣವಿದೆ. ಮ್ಯಾಕ್ರೋಫೇಜ್ ಎನ್ನುವ ರಕ್ಷಣಾ ಕೋಶಗಳು ಶಾಯಿಯ ಕಣಗಳನ್ನು ನುಂಗಿ ಹಿಡಿದಿಡುತ್ತವೆ. ಆ ಕೋಶಗಳು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಅಲ್ಲಿಯೇ ಹಿಡಿದುಕೊಳ್ಳುತ್ತವೆಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಈಗ ತಂಗಿಗೊಂದು ಪ್ರಶ್ನೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ 2024ರ ಅಧ್ಯಯನದಲ್ಲಿ ಹಚ್ಚೆಯಿರುವವರಲ್ಲಿ ಲಿಂಫೋಮಾ ಎನ್ನುವ ಕ್ಯಾನ್ಸರಿನ ಸಂಭವ 21% ಹೆಚ್ಚು ಕಂಡಿತು. ಅದನ್ನು ಓದಿದ್ದೀಯಾ?

ಚಿಕ್ಕಪ್ಪ: ನೋಡಿದಿರಾ? ನಾನು ಹೇಳಿದರೆ ಮೂಲ ಬೇಕು, ಅವನು ಹೇಳಿದರೆ ಸಾಕು.

ಅಣ್ಣ: ಮೂಲವನ್ನು ಹೇಳಿಯೇ ಬರೆದಿದ್ದೇನೆ, ಚಿಕ್ಕಪ್ಪ.

ನಾನು: ಓದಿದ್ದೇನೆ, ಅಣ್ಣ. ಅದು ನಂಟನ್ನು ತೋರಿಸಿದೆ, ಕಾರಣವನ್ನು ಸಾಧಿಸಿಲ್ಲ, ಹಚ್ಚೆ ದೊಡ್ಡದಾದಷ್ಟೂ ಸಂಭವ ಹೆಚ್ಚಿದ್ದೂ ಕಾಣಲಿಲ್ಲವೆಂದು ಅವರೇ ಬರೆದಿದ್ದಾರೆ. ಆದರೂ ಅಪಾಯವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಐರೋಪ್ಯ ಒಕ್ಕೂಟ 2022ರಿಂದ ಹಚ್ಚೆಯ ಶಾಯಿಗಳಲ್ಲಿನ ಸಾವಿರಾರು ರಾಸಾಯನಿಕಗಳನ್ನು ನಿರ್ಬಂಧಿಸಿದೆ. ಬಣ್ಣಗಳನ್ನು ಬಿಟ್ಟು ಕಪ್ಪನ್ನು ಮಾತ್ರ ಇಟ್ಟುಕೊಂಡದ್ದಕ್ಕೆ ಅದೂ ಒಂದು ಕಾರಣ. ಮೊಹರು ಒಡೆಯದ ಸೂಜಿಯನ್ನು ನನ್ನ ಕಣ್ಣೆದುರೇ ತೆರೆಯುವುದನ್ನೂ ಶಾಯಿಯ ಬಾಟಲಿಯ ಮೇಲಿನ ವಿವರವನ್ನೂ ನೋಡದೆ ಕೈ ಚಾಚುವುದಿಲ್ಲ.

ದೊಡ್ಡಪ್ಪ: ಜಪಾನಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ನಾನು: ಜಪಾನಿನಿಂದ ಯಾವ ಚಿತ್ರವನ್ನೂ ತಂದಿಲ್ಲ, ದೊಡ್ಡಪ್ಪ. ಅಲ್ಲಿನ ಸಾಂಪ್ರದಾಯಿಕ ಹಚ್ಚೆಯಲ್ಲಿ ಮೀನು, ಹೂವು, ಡ್ರ್ಯಾಗನ್ ಬೇರೆಬೇರೆಯಾಗಿ ತೇಲುವುದಿಲ್ಲ. ಅವುಗಳ ಹಿಂದೆ ಅಲೆ, ಮೋಡ, ಗಾಳಿಯ ಪಟ್ಟಿಗಳು ತೋಳಿನ ತಿರುವನ್ನು ಅನುಸರಿಸಿ ಹರಿಯುತ್ತ ಎಲ್ಲವನ್ನೂ ಒಂದೇ ಚಿತ್ರವಾಗಿ ಕಟ್ಟುತ್ತವೆ. ನನಗೆ ಬೇಕಾದದ್ದು ಆ ಕಟ್ಟುವ ಕ್ರಮ. ಅಲೆಯ ಕೆಲಸವನ್ನು ನನ್ನ ಚಿತ್ರದಲ್ಲಿ ಚಿತ್ತಾರದ ಸಮಾನಾಂತರ ಗೆರೆಗಳು ಮಾಡುತ್ತವೆ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಗೆರೆಗಳವು. ಬಿಳಿ ಶಾಯಿ ನಮ್ಮ ಚರ್ಮದಲ್ಲಿ ನಿಲ್ಲುವುದಿಲ್ಲವೆಂದು ಹೇಳಿದೆನಷ್ಟೆ. ಹಾಗಾಗಿ ಗೆರೆಯನ್ನು ಎಳೆಯುವ ಬದಲು ಅದರ ಅಕ್ಕಪಕ್ಕವನ್ನು ಚುಕ್ಕಿಗಳಿಂದ ತುಂಬಿಸಿ, ಗೆರೆಯಿರಬೇಕಾದ ಜಾಗದಲ್ಲಿ ಬರಿಯ ಚರ್ಮವನ್ನು ಉಳಿಸುತ್ತೇನೆ. ಈ ಒಂದು ಉಪಾಯ ಹೊಳೆಯುವವರೆಗೆ ಚಿತ್ತಾರ ನನ್ನ ಕರಡಿನಲ್ಲಿ ಹೊರಗಿನಿಂದ ಅಂಟಿಸಿದಂತೆಯೇ ಇತ್ತು.

ಅಣ್ಣ: ಆ ಗೆರೆಗಳು ಆ ಸಮುದಾಯದ ಹೆಣ್ಣುಮಕ್ಕಳದು. ನಮಗೆ ಅವುಗಳ ಮೇಲೆ ಯಾವ ಹಕ್ಕಿದೆ?

ನಾನು: ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಮದುವೆಯಲ್ಲಿ ವಧುವರರು ಕೂರುವ ಗೋಡೆಗೆ ಬರೆಯುವ ಹಸೆಯ ನಡುವಿನ ಆಕೃತಿಗಳನ್ನು ನಾನು ಮುಟ್ಟಿಲ್ಲ, ಅವುಗಳಿಗೆ ಆ ಮದುವೆಯಲ್ಲಿಯೇ ಅರ್ಥ. ಅಂಚಿನ ಗೆರೆಗಳ ಕ್ರಮವನ್ನಷ್ಟೇ ಕಲಿತಿದ್ದೇನೆ, ಯಾರಿಂದ ಬಂದದ್ದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಸ್ಟುಡಿಯೊದವರು ನ್ಯೂಜಿಲೆಂಡಿನ ಮಾವೊರಿಗಳ ಸುರುಳಿಗಳನ್ನು ಸೇರಿಸೋಣವೆಂದಾಗ ಬೇಡವೆಂದೆ. ಮೊಕೊ ಎನ್ನುವ ಅವರ ಹಚ್ಚೆ ಒಬ್ಬೊಬ್ಬರ ವಂಶವನ್ನು ಹೇಳುತ್ತದೆ, ಬೇರೆಯವರ ವಂಶವನ್ನು ಅಲಂಕಾರವಾಗಿ ಧರಿಸುವುದು ತಪ್ಪು.

ದೊಡ್ಡಪ್ಪ: ನೀನು ಇಷ್ಟು ಯೋಚಿಸಿದ್ದೀಯೆಂದು ಚಿತ್ರವನ್ನು ನೋಡಿದಾಗ ತಿಳಿಯಲಿಲ್ಲ. ಆದರೂ ನನ್ನ ಒಪ್ಪಿಗೆ ಇಲ್ಲ. ಇನ್ನೊಂದು ಮಾತು: ಆ ಗೆರೆಗಳು ಕಾಗದದ ಮೇಲೆ ನೇರವಾಗಿವೆ. ಕೈಯನ್ನು ತಿರುಗಿಸಿದಾಗ ಮುಂಗೈಯ ಚರ್ಮವೂ ತಿರುಗುತ್ತದೆ. ಆಗ ಅವು ಸೊಟ್ಟಗಾಗುವುದಿಲ್ಲವೇ?

ನಾನು: ಆಗುತ್ತವೆ. ಅದಕ್ಕಾಗಿಯೇ ಕೈ ಸಹಜವಾಗಿ ಇಳಿಬಿದ್ದಿರುವಾಗ ಅಚ್ಚನ್ನು ಒತ್ತಿಸಿ, ಅಂಗೈಯನ್ನು ಎರಡೂ ಕಡೆ ತಿರುಗಿಸಿ ನೋಡಬೇಕು. ಗೆರೆಗಳನ್ನು ಕೈಯ ಸುತ್ತ ಬಳೆಯಂತೆ ತರದೆ ಉದ್ದಕ್ಕೆ ಸ್ವಲ್ಪ ಓರೆಯಾಗಿ ಹರಿಸಿದ್ದೇನೆ. ಚುಕ್ಕಿಗಳ ನಡುವೆ ಕಡಿಮೆಯೆಂದರೆ 2 ಮಿಲಿಮೀಟರ್ ಬಿಟ್ಟಿರುವುದು ಅಜ್ಜಿಯ ಚೇಳಿನ ಕಾಲುಗಳಿಗಾದದ್ದು ಇದಕ್ಕೂ ಆಗಬಾರದೆಂದು. ಈ ಶನಿವಾರ ಸ್ಟುಡಿಯೊದಲ್ಲಿ ಅಚ್ಚನ್ನು ಮಾತ್ರ ಒತ್ತಿಸಿ ನೋಡುತ್ತೇನೆ, ಸೂಜಿ ಅಂದು ಇರುವುದಿಲ್ಲ.

ಅತ್ತೆ: ಹಾಗಾದರೆ ಕೊಂಡಿಯನ್ನು ಈಗಲೇ ಸರಿಮಾಡು. ನೀನು ಬಲಕ್ಕೆ ಬಾಗಿಸಿದ್ದೀಯ, ಅಮ್ಮನ ಚೇಳಿನ ಕೊಂಡಿ ಎಡಕ್ಕಿತ್ತು.

ದೊಡ್ಡಪ್ಪ: ಬಲಕ್ಕೇ ಇತ್ತು. ಊಟ ಬಡಿಸುವಾಗ ನನ್ನ ಎದುರಿಗೇ ಕಾಣುತ್ತಿತ್ತು.

ಅತ್ತೆ: ನಿನಗೆ ಎದುರಿನಿಂದ ಕಂಡದ್ದು ಅವಳ ಎಡಗಡೆ. ನಾನು ಪಕ್ಕದಲ್ಲಿ ಕುಳಿತು ಅವಳ ಬಳೆ ತೊಳೆದವಳು.

ಚಿಕ್ಕಪ್ಪ: ಅಮ್ಮನ ಎಂಬತ್ತನೆಯ ವರ್ಷದ ಶಾಂತಿಯ ಫೋಟೊಗಳು ನನ್ನ ಬಳಿ ಇವೆ. ಆರತಿ ತಟ್ಟೆ ಹಿಡಿದಿರುವ ಒಂದರಲ್ಲಿ ಮುಂಗೈ ಸ್ಪಷ್ಟವಾಗಿರಬೇಕು. ಸಂಜೆ ಹುಡುಕಿ ಹಾಕುತ್ತೇನೆ.

ನಾನು: ಪಕ್ಕದಲ್ಲಿ ನಿಂತವರೂ ಕಾಣುವಂತೆ ಪೂರ್ತಿ ಫೋಟೊ ಹಾಕಿ, ಚಿಕ್ಕಪ್ಪ. ಫೋಟೊ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆಯೇ ಎಂಬುದನ್ನು ಸೆರಗು ನೋಡಿ ಗುರುತಿಸಬಹುದು. ಶುಕ್ರವಾರದವರೆಗೆ ಕೊಂಡಿಯ ಭಾಗವನ್ನು ಪೆನ್ಸಿಲಿನಲ್ಲಿಯೇ ಬಿಟ್ಟಿರುತ್ತೇನೆ.